ಸೆರಗು, ಖಣ, ನೀಲಿ ಮಾಸ್ಕ್, ಎನ್-95: ನಮ್ಮ ಮನೆಯಲ್ಲಿ ಯಾವುದು ನಡೆಯಿತು

ಕೊರೊನಾ ಕಾಲದಲ್ಲಿ ನಮ್ಮ ಮನೆಯಲ್ಲಿ ಮಾಸ್ಕಿಗೆ ಆದಷ್ಟು ಜಗಳ ಬೇರೆ ಯಾವುದಕ್ಕೂ ಆಗಲಿಲ್ಲ. ಬಾಗಲಕೋಟೆಯ ನವನಗರದಲ್ಲಿ ಇರುತ್ತೇವೆ. ಅತ್ತೆ, ನಮ್ಮವರು, ಮಗಳು, ಮಗ. ನಮ್ಮವರದು ಕಿರಾಣಿ ಅಂಗಡಿ. ಲಾಕ್‌ಡೌನ್ ಇದ್ದರೂ ಗಿರಾಕಿಗಳ ಮುಂದೆ ನಿಲ್ಲಲೇಬೇಕಿತ್ತು. ನನ್ನ ಹತ್ತಿರ ಹೊಲಿಗೆ ಮಷಿನ್ ಇದೆ. ಹೀಗಾಗಿ ಕೈಗೆ ಸಿಕ್ಕಿದ್ದನ್ನೆಲ್ಲ ಮುಖಕ್ಕೆ ಕಟ್ಟಿ ನೋಡಿದೆವು.

ಮೊದಲು ಸೆರಗು. ಇದು ಅತ್ತೆಯ ಪಕ್ಷ. "ಸೆರಗ ಐತಲ್ಲ, ಮತ್ತ ಅದ್ಯಾಕ ಬೇಕು?" ಅನ್ನುತ್ತಿದ್ದರು. 2020ರ ಏಪ್ರಿಲ್ 14ರಂದು ಪ್ರಧಾನಿ ಟಿವಿಯಲ್ಲಿ ಗಮ್ಛಾ ಅನ್ನುವ ಹೆಗಲ ವಸ್ತ್ರವನ್ನು ಮುಖಕ್ಕೆ ಸುತ್ತಿಕೊಂಡು ಬಂದರಲ್ಲ, ಅತ್ತೆಗೆ ಅಷ್ಟು ಸಾಕಾಯಿತು. ಖರ್ಚಿಲ್ಲ, ಮರೆತು ಬಂದೆ ಅನ್ನುವ ಮಾತಿಲ್ಲ, ಉಸಿರು ಕಟ್ಟುವುದಿಲ್ಲ. ಆದರೆ ಒಂದು ಕೈ ಸದಾ ಸೆರಗು ಹಿಡಿಯಲು ಬೇಕು. ಕಾಯಿಪಲ್ಲೆ ಆರಿಸಲು ಕೈ ಬಿಟ್ಟರೆ ಅದು ಕೆಳಗೆ ಇಳಿಯುತ್ತದೆ. ಅದೇ ಸೆರಗಿನಲ್ಲಿ ಬೆವರು ಒರೆಸುವುದು, ಬಿಸಿ ಪಾತ್ರೆ ಇಳಿಸುವುದು, ಮೊಮ್ಮಗನ ಮೂಗು ಒರೆಸುವುದು. ಮೂಗು ಮುಚ್ಚಿಕೊಳ್ಳಲು ಇದು ಬೇಡ ಅಂತ ನಾನು ಹಟ ಹಿಡಿದೆ.

ಆಮೇಲೆ ಖಣ, ಅಂದರೆ ಕುಪ್ಪಸದ ಬಟ್ಟೆ. ನನ್ನ ತವರು ಖಣ ನೇಯುವ ಗುಳೇದಗುಡ್ಡ. ಉಡಿ ತುಂಬಿದಾಗಲೆಲ್ಲ ಬಂದ ಖಣಗಳು ಟ್ರಂಕಿನಲ್ಲಿ ಹಾಗೇ ಇದ್ದವು. ಅಂಗಡಿಯಲ್ಲಿ ಮಾಸ್ಕ್ ಸಿಗದ ದಿನಗಳು ಅವು. 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಮಾಸ್ಕನ್ನು ಅಗತ್ಯ ವಸ್ತುಗಳ ಪಟ್ಟಿಗೆ ಸೇರಿಸಿ ಬೆಲೆಗೂ ಮಿತಿ ಹಾಕಿತ್ತು, ಆದರೂ ಔಷಧಿ ಅಂಗಡಿಯಲ್ಲಿ "ಸ್ಟಾಕ್ ಇಲ್ಲ". ಖಣದಲ್ಲೇ ಹೊಲಿದೆ. ನೋಡಲು ಎಷ್ಟು ಚಂದ ಅಂತೀರಿ! ಮಗಳು ಡ್ರೆಸ್ಸಿಗೆ ಹೊಂದುವ ಬಣ್ಣ ಆರಿಸಿಕೊಂಡಳು, ಓಣಿಯ ಹೆಣ್ಣುಮಕ್ಕಳು ತಮಗೂ ಬೇಕು ಅಂತ ಬಂದರು. ಐವತ್ತೇ ಜನರ ಮದುವೆಗಳ ಕಾಲದಲ್ಲಿ ಸೀರೆಗೆ ಮ್ಯಾಚಿಂಗ್ ಖಣದ ಮಾಸ್ಕು ಅಂದರೆ ಅದರ ಗತ್ತೇ ಬೇರೆ.

ಆದರೆ ಮೇ ತಿಂಗಳ ಬಾಗಲಕೋಟೆ ಬಿಸಿಲಿಗೆ ಅದು ಹೊಂದಲಿಲ್ಲ. ರೇಷ್ಮೆಯಂಥ ನೂಲು ಬೆವರು ಹೀರುವುದಿಲ್ಲ. ಹಿಂಬದಿಯ ಸಡಿಲ ಎಳೆಗಳು ಮೂಗಿಗೆ ತಾಗಿ ತುರಿಸುತ್ತವೆ. ಬಿಸಿ ನೀರಿಗೆ ಹಾಕಿದರೆ ಬಣ್ಣ ಬಿಡುತ್ತದೆ. ದಿನಾ ಸೋಪು ಹಚ್ಚಿ ಒಗೆಯಬೇಕಾದ ವಸ್ತುವಿಗೆ ಇಷ್ಟು ನಾಜೂಕು ಇದ್ದರೆ ಹೇಗೆ?

ಹಳೆಯ ಧೋತರದ್ದು ಇದಕ್ಕೆ ಪೂರ್ತಿ ಉಲ್ಟಾ. ನೋಡಲು ಏನೂ ಇಲ್ಲ, ಹಾಕಿಕೊಂಡರೆ ಮುಖಕ್ಕೆ ಹಾಯ್ ಅನಿಸುತ್ತದೆ. 2020ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಟ್ಟೆ ಮಾಸ್ಕಿಗೆ ಮೂರು ಪದರ ಇರಲಿ ಅಂತ ಹೇಳಿತು. ಒಳಗೆ ತೇವ ಹೀರುವ ಹತ್ತಿ, ಹೊರಗೆ ಹನಿ ಇಳಿಯದ ಬಟ್ಟೆ, ನಡುವೆ ಪಾಲಿಪ್ರೊಪಿಲೀನ್‌ನಂಥ ನೇಯದ ಬಟ್ಟೆ. ಆ ನಡುವಿನದು ನಮ್ಮ ಅಂಗಡಿಯಲ್ಲೇ ಇತ್ತು. ಪ್ಲಾಸ್ಟಿಕ್ ಚೀಲದ ಬದಲು ಕೊಡುತ್ತಾರಲ್ಲ, ಬಟ್ಟೆಯಂತೆ ಕಾಣುವ ಕ್ಯಾರಿ ಬ್ಯಾಗ್, ಅದು ಇದೇ ಸರಕು. ಪ್ರಿಂಟ್ ಇಲ್ಲದ ಹೊಸ ಚೀಲ ಕತ್ತರಿಸಿ ನಡುವೆ ಇಟ್ಟೆ. ಹೊರಗೆ ಖಣದ ತುಂಡು, ಒಳಗೆ ಧೋತರ. ಖಣಕ್ಕೂ ಒಂದು ಕೆಲಸ ಸಿಕ್ಕಿತು. ತಣ್ಣೀರಲ್ಲಿ ಸೋಪು ಹಚ್ಚಿ ಒಗೆದು ಬಿಸಿಲಿಗೆ ಹಾಕುತ್ತಿದ್ದೆ. ಮೂಗಿನ ಮೇಲೆ ಒತ್ತಲು ಮೋಟಾರ್ ವೈಂಡಿಂಗ್‌ನ ತಾಮ್ರದ ತಂತಿ ಮಡಚಿ ಒಳಗೆ ಹೊಲಿದೆ. ಈ ತಂತಿಯೇ ಅರ್ಧ ಮಾಸ್ಕು ಅಂತ ನನ್ನ ಅಭಿಪ್ರಾಯ. ಅದಿಲ್ಲದಿದ್ದರೆ ಉಸಿರು ಮೇಲಿಂದ ಹೊರಗೆ ಹೋಗುತ್ತದೆ, ಕನ್ನಡಕಕ್ಕೆ ಮಂಜು ಹಿಡಿಯುತ್ತದೆ, ಹಾಕಿದವರು ಮಾಸ್ಕನ್ನು ಗದ್ದಕ್ಕೆ ಇಳಿಸುತ್ತಾರೆ. ಎಲಾಸ್ಟಿಕ್ ಸಿಗದಾಗ ಲಂಗದ ಲಾಡಿ ಹಾಕಿದ್ದೆ. ಅತ್ತೆಗೆ ಅದೇ ಸರಿಹೋಯಿತು. ಬೆಂಡೋಲೆಗೆ ಸಿಕ್ಕಿ ಎಳೆಯುವ ಎಲಾಸ್ಟಿಕ್‌ಗಿಂತ ತಲೆ ಹಿಂದೆ ಗಂಟು ಹಾಕುವುದು ಅವರಿಗೆ ಆರಾಮ.

ನೀಲಿ ಸರ್ಜಿಕಲ್ ಮಾಸ್ಕಿನ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಹಗುರ. ಮಾತು ಸ್ಪಷ್ಟ ಕೇಳುತ್ತದೆ. ಬಟ್ಟೆ ಮಾಸ್ಕಿನಲ್ಲಿ ನಮ್ಮವರು "ಏನ್ರೀ, ಅರ್ಧ ಕೆಜಿನಾ?" ಅಂತ ಎರಡೆರಡು ಸಲ ಕೇಳಬೇಕಿತ್ತು, ಇದರಲ್ಲಿ ಆ ರಗಳೆ ಇಲ್ಲ. ಕೆನ್ನೆಯ ಎರಡೂ ಕಡೆ ಸಂದಿ ಬೀಳುವುದೇ ಇದರ ದೋಷ. ಪಕ್ಕದ ಮನೆಯವರು ಇದನ್ನು ಒಗೆದು ದಾರಕ್ಕೆ ಒಣಗಿಸುತ್ತಿದ್ದರು. ನಡುವಿನ ಪದರಕ್ಕೆ ವಿದ್ಯುತ್ ಆವೇಶ ಕೊಟ್ಟಿರುತ್ತಾರೆ, ಸಣ್ಣ ಕಣಗಳನ್ನು ಹಿಡಿಯುವುದರಲ್ಲಿ ಅದರ ಪಾತ್ರ ದೊಡ್ಡದು. ಸೋಪಿನಲ್ಲಿ ಒಗೆದರೆ ಆ ಗುಣ ಹೋಗುತ್ತದೆ. ಹೇಳಿದರೆ "ಬಿಸಾಡಾಕ ರೊಕ್ಕ ಎಲ್ಲಿಂದ ತರೂನು?" ಅಂದರು. ಅದೂ ಸರಿಯೇ.

ಎನ್-95 ಹೆಸರಲ್ಲೇ ಲೆಕ್ಕ ಇದೆ, 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಕನಿಷ್ಠ ಶೇ 95ರಷ್ಟನ್ನು ತಡೆಯಬೇಕು. ಆದರೆ ಮುಖಕ್ಕೆ ಸುತ್ತಲೂ ಬಿಗಿಯಾಗಿ ಕೂತರೆ ಮಾತ್ರ. ಸಲೂನು ಮುಚ್ಚಿದ್ದರಿಂದ ನಮ್ಮವರು ಗಡ್ಡ ಬಿಟ್ಟಿದ್ದರು. ಗಡ್ಡದ ಮೇಲೆ ಎನ್-95 ಹಾಕಿದರೆ ಸಂದಿಯಿಂದ ಗಾಳಿ ನುಗ್ಗುತ್ತದೆ, ದುಡ್ಡು ದಂಡ. ಮುಂದೆ ವಾಲ್ವ್ ಇರುವುದನ್ನು ಕೊಳ್ಳಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತಿದ್ದೆ. ಬಿಡುವ ಉಸಿರು ಸೋಸದೆ ಹೊರಗೆ ಬರುತ್ತದೆ, ಹಾಕಿದವರಿಗೆ ಮಾತ್ರ ಲಾಭ. 2020ರ ಜುಲೈನಲ್ಲಿ ಕೇಂದ್ರ ಆರೋಗ್ಯ ಇಲಾಖೆಯೂ ರಾಜ್ಯಗಳಿಗೆ ಇದೇ ಎಚ್ಚರಿಕೆ ಬರೆಯಿತು. ಅತ್ತೆಯ ಬಿಪಿ ತೋರಿಸಲು ಆಸ್ಪತ್ರೆಗೆ ಹೋಗುವಾಗ ನಾವಿಬ್ಬರೂ ಎನ್-95 ಹಾಕುತ್ತಿದ್ದೆವು. ಅವರಿಗೆ ದಮ್ಮು ಕಟ್ಟಿದಂತಾಗಿ ಒಂದು ತಾಸಿನಲ್ಲೇ ಸಿಟ್ಟು ಬರುತ್ತಿತ್ತು. ಮುಚ್ಚಿದ ಕೋಣೆಯಲ್ಲಿ ರೋಗಿಗಳ ನಡುವೆ ಕೂರುವುದಿದ್ದರೆ ಇದೇ ಸರಿ. ದಿನಾ ಸಂತೆಗೆ ಹೋಗಲು ಅಲ್ಲ.

ನಿಜವಾದ ಪರೀಕ್ಷೆ ಎರಡನೇ ಅಲೆಯಲ್ಲಿ. 2021ರ ಏಪ್ರಿಲ್ ಕೊನೆಗೆ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ದಿನಸಿ ಅಂತಾಯಿತು. ದಿನವಿಡೀ ಹಂಚಿಹೋಗುತ್ತಿದ್ದ ಗಿರಾಕಿಗಳು ನಾಲ್ಕು ತಾಸಿನಲ್ಲಿ ಒಟ್ಟಿಗೆ ಬರತೊಡಗಿದರು. ಆಗ ನಮ್ಮವರು ಕೆಳಗೆ ಸರ್ಜಿಕಲ್, ಮೇಲೆ ನನ್ನ ಬಟ್ಟೆ ಮಾಸ್ಕ್ ಹಾಕಿದರು. ಮೇಲಿನದು ಕೆಳಗಿನದರ ಸಂದಿಗಳನ್ನು ಒತ್ತಿ ಹಿಡಿಯುತ್ತದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಆ ವರ್ಷದ ಫೆಬ್ರುವರಿಯಲ್ಲಿ ಪ್ರಯೋಗಾಲಯದಲ್ಲಿ ನೋಡಿ ಇದನ್ನೇ ಹೇಳಿತ್ತು. ನನ್ನ ಲೆಕ್ಕದಲ್ಲಿ ಅಂಗಡಿಗೆ ಇದೇ ಗೆದ್ದಿತು. ಮೇಲಿನದನ್ನು ಒಗೆಯಬಹುದು, ಕೆಳಗಿನದನ್ನು ಸಂಜೆಗೆ ಬಿಸಾಡಬಹುದು. ಮಕ್ಕಳಿಗೆ ಮಾತ್ರ ಧೋತರದ್ದೇ, ಅವರ ಮುಖದ ಅಳತೆಗೆ ಹೊಲಿದದ್ದು. ದೊಡ್ಡವರ ಸರ್ಜಿಕಲ್ ಮಗನ ಕಣ್ಣನ್ನೂ ಮುಚ್ಚುತ್ತಿತ್ತು.

ಈಗ ಸರ್ಜಿಕಲ್ ಪೊಟ್ಟಣ ಎಲ್ಲೋ ಕಪಾಟಿನಲ್ಲಿದೆ. ಖಣದ್ದು ಮಗಳ ಪೆಟ್ಟಿಗೆಯಲ್ಲಿ. ಎನ್-95 ಹಾಕಿಕೊಂಡು ನಮ್ಮವರು ಗೋದಾಮು ಗುಡಿಸುತ್ತಾರೆ. ಖಾರ ಕುಟ್ಟಿಸಲು ಗಿರಣಿಗೆ ಹೋಗುವಾಗ ನಾನು ಧೋತರದ್ದನ್ನೇ ಹುಡುಕಿ ತೆಗೆಯುತ್ತೇನೆ.