ಕಾಸರಗೋಡಿನ ಕನ್ನಡ ಕೆ-ಟೆಟ್ ತರಬೇತಿ: ಪಾಠದ ಮೌಲ್ಯಮಾಪನ ಮೆಚ್ಚುವಂಥದ್ದು, ಪ್ರಶ್ನೆಪತ್ರಿಕೆ ಹಾಗಲ್ಲ

ಕಾಸರಗೋಡು ಪೇಟೆಯಲ್ಲಿ ಕನ್ನಡ ಮಾಧ್ಯಮದ ಅಭ್ಯರ್ಥಿಗಳಿಗಾಗಿ ನಡೆಯುವ ವಾರಾಂತ್ಯದ ಕೆ-ಟೆಟ್ (ಕೇರಳದ ಶಿಕ್ಷಕ ಅರ್ಹತಾ ಪರೀಕ್ಷೆ) ತರಬೇತಿಗೆ ಈ ಬಾರಿ ಸೇರಿದ್ದೆ. ಶುಲ್ಕ ಕೈಗೆಟಕುವಂತಿದೆ, ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದು.

ಇಲ್ಲಿಯ ಮಾದರಿ ಪಾಠಗಳ ಮೌಲ್ಯಮಾಪನವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಕೆ-ಟೆಟ್‌ನಲ್ಲಿ ಪಾಠ ಮಾಡಿ ತೋರಿಸುವ ಹಂತವಿಲ್ಲದಿದ್ದರೂ, ಮುಂದೆ ತರಗತಿಯಲ್ಲಿ ನಿಲ್ಲಬೇಕಾದವರಿಗೆ ಅದು ಅಗತ್ಯವೆಂದು ತರಬೇತಿ ಕೇಂದ್ರವೇ ಇದನ್ನು ಸೇರಿಸಿದೆ. ಯಾವ ಅಂಶಕ್ಕೆ ಎಷ್ಟು ಅಂಕ ಎಂಬುದನ್ನು ಮುಂಚಿತವಾಗಿಯೇ ಬರೆದು ಕೊಡುತ್ತಾರೆ. ನಮಗೆ ಕಲಿಸದ ಇಬ್ಬರು ಹಿರಿಯ ಅಧ್ಯಾಪಕರು ಪರಸ್ಪರ ಚರ್ಚಿಸದೆ ಅಂಕ ಹಾಕುತ್ತಾರೆ. ಅಂಕ ಕಡಿಮೆಯಾದಲ್ಲಿ ಕಾರಣವನ್ನೂ ಬರೆಯುತ್ತಾರೆ. ಮನೆಯಲ್ಲಿ ತುಳು, ಮಲಯಾಳ, ಮರಾಠಿ ಅಥವಾ ಹವ್ಯಕ ಕನ್ನಡ ಆಡುವವರು ನಮ್ಮ ತಂಡದಲ್ಲಿದ್ದರು. ಅವರ ಉಚ್ಚಾರಣೆಯ ಧಾಟಿಗಾಗಿ ಅಂಕ ಕಳೆಯದೆ, ಹೇಳಿದ್ದು ಮೂರನೇ ತರಗತಿಯ ಮಗುವಿಗೆ ಅರ್ಥವಾಗುವಂತಿತ್ತೇ ಎಂಬುದನ್ನಷ್ಟೇ ನೋಡಿದ್ದು ಈ ಗಡಿನಾಡಿಗೆ ತಕ್ಕ ನ್ಯಾಯ.

ಮಾದರಿ ಪ್ರಶ್ನೆಪತ್ರಿಕೆಗಳಲ್ಲಿ ಮಾತ್ರ ಈ ಎಚ್ಚರ ಕಾಣಲಿಲ್ಲ. ಮಲಯಾಳದಲ್ಲಿ ಸಿದ್ಧವಾದ ಪ್ರಶ್ನೆಗಳನ್ನು ಅವಸರದಲ್ಲಿ ಕನ್ನಡಕ್ಕೆ ತಂದಿದ್ದರಿಂದ, ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರದ ಕೆಲವು ವಾಕ್ಯಗಳನ್ನು ಎರಡೆರಡು ಸಲ ಓದಬೇಕಾಯಿತು. 150 ಪ್ರಶ್ನೆಗಳಿಗೆ ಎರಡೂವರೆ ಗಂಟೆ, ಅಂದರೆ ಒಂದಕ್ಕೆ ಒಂದೇ ನಿಮಿಷ ಸಿಗುವ ಪರೀಕ್ಷೆಯ ತಯಾರಿಯಲ್ಲಿ, ಹೀಗೆ ಕಳೆದುಹೋಗುವ ಸಮಯ ಅಭ್ಯರ್ಥಿಯ ತಿಳಿವಳಿಕೆಯನ್ನು ಅಳೆಯುವುದಿಲ್ಲ; ಕನ್ನಡದಲ್ಲಿ ಬರೆದದ್ದಕ್ಕೆ ತೆರುವ ದಂಡವಾಗುತ್ತದೆ.

ಮಾದರಿ ಪರೀಕ್ಷೆಯ ಫಲಿತಾಂಶ ಪ್ರಕಟಿಸುವ ರೀತಿಯೂ ಬದಲಾಗಬೇಕು. ಕೆ-ಟೆಟ್‌ನಲ್ಲಿ ಸಾಮಾನ್ಯ ವರ್ಗಕ್ಕೆ 90, ಹಿಂದುಳಿದ ವರ್ಗ ಹಾಗೂ ಪರಿಶಿಷ್ಟರಿಗೆ 82, ಅಂಗವಿಕಲರಿಗೆ 75 ಅಂಕ ಬಂದರೆ ಅರ್ಹತೆ ಸಿಗುತ್ತದೆ. ಕೇಂದ್ರವು ಎಲ್ಲರ ಹೆಸರನ್ನೂ ಒಂದೇ ಪಟ್ಟಿಯಲ್ಲಿ ಹಾಕಿ 90ರ ಕೆಳಗೆ ಗೆರೆ ಎಳೆಯುತ್ತದೆ. ಇದರಿಂದ, ನಿಯಮದ ಪ್ರಕಾರ ಅರ್ಹರಾದವರೂ ಸಹಪಾಠಿಗಳ ಮುಂದೆ ಅನುತ್ತೀರ್ಣರಂತೆ ನಿಲ್ಲಬೇಕಾಗುತ್ತದೆ. ಪ್ರತಿಯೊಬ್ಬರಿಗೂ ಅವರವರ ಅಂಕಪಟ್ಟಿಯನ್ನು ಪ್ರತ್ಯೇಕವಾಗಿ ಕೊಡುವುದು ಕಷ್ಟದ ಕೆಲಸವೇನಲ್ಲ.

ಪಾಠ ಮಾಡುವ ಧೈರ್ಯ ಬೇಕಾದವರು ಖಂಡಿತ ಸೇರಬಹುದು. ಲಿಖಿತ ಪರೀಕ್ಷೆಯ ಅಭ್ಯಾಸಕ್ಕಾಗಿಯೇ ಹೋಗುವವರು, ಮುಂದಿನ ತಂಡದ ಪ್ರಶ್ನೆಗಳನ್ನು ಕನ್ನಡ ಮಾಧ್ಯಮದ ಅಧ್ಯಾಪಕರೇ ಬರೆಯುತ್ತಾರೆಯೇ ಎಂದು ಶುಲ್ಕ ಕಟ್ಟುವ ಮೊದಲೇ ವಿಚಾರಿಸಿಕೊಳ್ಳಲಿ.