ಬೆಂಗಳೂರಿನ ಅಡುಗೆಮನೆಯಲ್ಲಿ ಕೊಬ್ಬರಿ ಎಣ್ಣೆ: ಹಲವು ವರ್ಷಗಳ ಬಳಕೆಯ ನಂತರ

ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದೂ ಕರಗುವುದೂ ಸುಮಾರು 24 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ. ಮಂಗಳೂರಿನಲ್ಲಿ ವರ್ಷದ ಬಹುಪಾಲು ದಿನ ಅದು ದ್ರವವಾಗಿಯೇ ಇರುವುದರಿಂದ ಅಲ್ಲಿನವರಿಗೆ ಈ ಸಂಖ್ಯೆಯಿಂದ ಆಗಬೇಕಾದದ್ದೇನೂ ಇಲ್ಲ. ಆದರೆ ಜನವರಿಯ ಬೆಳಗಿನ ಜಾವ 16 ಡಿಗ್ರಿಯ ಸಮೀಪಕ್ಕೆ ಇಳಿದು, ಏಪ್ರಿಲ್‌ನ ಮಧ್ಯಾಹ್ನ 34ಕ್ಕೆ ಏರಿ, ಮಳೆಗಾಲವಿಡೀ ಇಪ್ಪತ್ತು ಇಪ್ಪತ್ತೆಂಟರ ನಡುವೆ ತೂಗಾಡುವ ಬೆಂಗಳೂರಿನಲ್ಲಿ, ಡಬ್ಬಿಯೊಳಗಿನ ಎಣ್ಣೆ ಈ ಹೊತ್ತು ಯಾವ ಸ್ಥಿತಿಯಲ್ಲಿದೆ ಎಂಬುದನ್ನು ನೋಡದೆ ಪಾತ್ರೆ ಒಲೆಗೇರಿಸುವಂತಿಲ್ಲ. ಹಲವು ವರ್ಷಗಳಿಂದ ಈ ಎಣ್ಣೆಯನ್ನೂ ತೆಂಗಿನ ಇತರ ಉತ್ಪನ್ನಗಳನ್ನೂ ಅಡುಗೆಗೆ ಮತ್ತು ಬೇಕಿಂಗ್‌ಗೆ ಬಳಸಿದ ಮೇಲೆ ನನಗೆ ಮೂಡಿರುವ ಅಭಿಪ್ರಾಯವಿದು: ಒಗ್ಗರಣೆಗೆ ಕೊಬ್ಬರಿ ಎಣ್ಣೆ ಎಲ್ಲ ಕಾಲಕ್ಕೂ ಸಲ್ಲುತ್ತದೆ, ಓವನ್ನಿಗೆ ಇಡುವ ತಿನಿಸಿಗೆ ಮಾತ್ರ ಹವೆಯನ್ನೂ ಎಣ್ಣೆಯ ಬಗೆಯನ್ನೂ ನೋಡಿಕೊಂಡೇ ಕೈಹಾಕಬೇಕು.

ನಮ್ಮದು ತುಮಕೂರು ಕಡೆಯ ಮನೆತನ. ತಿಪಟೂರಿನ ಉಂಡೆ ಕೊಬ್ಬರಿಯ ಹೆಸರು ದೇಶಕ್ಕೆಲ್ಲ ಗೊತ್ತಿದ್ದರೂ ಅದರ ಬಹುಪಾಲು ತಿನ್ನುವ ಕೊಬ್ಬರಿಯಾಗಿ ಉತ್ತರ ಭಾರತಕ್ಕೆ ಹೋಗುತ್ತದೆಯೇ ಹೊರತು ಎಣ್ಣೆಯಾಗಿ ನಮ್ಮ ಬಾಣಲೆಗೆ ಬರುವುದಿಲ್ಲ. ಆ ಸೀಮೆಯಲ್ಲಿ ಅಡುಗೆಗೆ ಕಡಲೆಕಾಯಿ ಎಣ್ಣೆ, ಹುಚ್ಚೆಳ್ಳೆಣ್ಣೆ. ಕೊಬ್ಬರಿ ಎಣ್ಣೆ ಏನಿದ್ದರೂ ತಲೆಗೆ. ಇದು ಅಡುಗೆಗೋ ತಲೆಗೋ ಎಂಬ ಗೊಂದಲ ನಮ್ಮೊಬ್ಬರದೇ ಅಲ್ಲ. ಚಿಕ್ಕ ಬಾಟಲಿಗಳಲ್ಲಿ ಮಾರುವ ಶುದ್ಧ ಕೊಬ್ಬರಿ ಎಣ್ಣೆ ಖಾದ್ಯ ತೈಲವೋ ಕೇಶತೈಲವೋ ಎಂಬ ತೆರಿಗೆ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಕೇಶತೈಲವೆಂದು ನಮೂದಿಸಿ ಮಾರದ ಹೊರತು ಅದು ಖಾದ್ಯ ತೈಲವೇ ಎಂದು 2024ರ ಡಿಸೆಂಬರ್‌ನಲ್ಲಿ ತೀರ್ಮಾನವಾಯಿತು. ಕೊಳ್ಳುವವರು ತಿಳಿದುಕೊಳ್ಳಬೇಕಾದದ್ದು ಇಷ್ಟೇ: ಪೊಟ್ಟಣದ ಮೇಲೆ ಖಾದ್ಯ ತೈಲವೆಂದು ಬರೆದಿರಬೇಕು, ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಪರವಾನಗಿ ಸಂಖ್ಯೆ ಇರಬೇಕು.

ಬೆಂಗಳೂರಿನ ಅಂಗಡಿಗಳಲ್ಲಿ ಮುಖ್ಯವಾಗಿ ಮೂರು ಬಗೆ ದೊರೆಯುತ್ತವೆ. ಒಣ ಕೊಬ್ಬರಿಯನ್ನು ಗಾಣಕ್ಕೆ ಹಾಕಿ ತೆಗೆದ ಎಣ್ಣೆ ಮೊದಲನೆಯದು. ಅದನ್ನೇ ಶುದ್ಧೀಕರಿಸಿ, ಬಣ್ಣವನ್ನೂ ವಾಸನೆಯನ್ನೂ ತೆಗೆದ ರಿಫೈನ್ಡ್ ಎಣ್ಣೆ ಎರಡನೆಯದು. ಹಸಿ ತೆಂಗಿನಕಾಯಿಯ ಹಾಲಿನಿಂದ ಬೇರ್ಪಡಿಸುವ, ತಿಳಿ ನೀರಿನ ಬಣ್ಣದ ವರ್ಜಿನ್ ಎಣ್ಣೆ ಮೂರನೆಯದು. ನನ್ನ ಮೆಚ್ಚಿನದು ಗಾಣದ ಎಣ್ಣೆ. ಮಜ್ಜಿಗೆಹುಳಿಗೆ, ಬೀನ್ಸ್ ಪಲ್ಯಕ್ಕೆ, ಸೌತೆಕಾಯಿ ಹುಳಿಗೆ ಕೊನೆಯಲ್ಲಿ ಸಾಸಿವೆ, ಕರಿಬೇವು, ಒಣಮೆಣಸಿನಕಾಯಿಯೊಂದಿಗೆ ಒಂದು ಚಮಚ ಈ ಎಣ್ಣೆ ಬಿದ್ದರೆ ಸಾಕು, ಅಡುಗೆಯ ಘಮವೇ ಬದಲಾಗುತ್ತದೆ. ಅವಿಯಲ್‌ಗಂತೂ ಒಗ್ಗರಣೆಯೂ ಬೇಕಿಲ್ಲ, ಒಲೆ ಆರಿಸಿದ ಮೇಲೆ ಹಸಿ ಎಣ್ಣೆಯನ್ನೇ ಸುರಿದು ಮುಚ್ಚಿಟ್ಟರಾಯಿತು. ಸಾರಿಗೆ ಮಾತ್ರ ನಮ್ಮಲ್ಲಿ ಯಾರೂ ಒಪ್ಪಲಿಲ್ಲ, ಅಲ್ಲಿ ತುಪ್ಪದ ಸ್ಥಾನ ಇಂದಿಗೂ ಅಬಾಧಿತ.

ಗಾಣದ ಎಣ್ಣೆಯ ದೋಷ ಅದರ ಅಸ್ಥಿರತೆ. ಈಗ ಬೆಂಗಳೂರಿನ ಬಹುತೇಕ ಬಡಾವಣೆಗಳಲ್ಲಿ ಮರದ ಗಾಣದ ಫಲಕ ಕಾಣಿಸುತ್ತದೆಯಾದರೂ ಎಣ್ಣೆಯ ಗುಣ ಗಾಣಕ್ಕಿಂತ ಹೆಚ್ಚಾಗಿ ಅದಕ್ಕೆ ಬಿದ್ದ ಕೊಬ್ಬರಿಯನ್ನು ಅವಲಂಬಿಸಿದೆ. ಸರಿಯಾಗಿ ಒಣಗದ ಕೊಬ್ಬರಿಗೆ ಬೂಸು ಹಿಡಿದರೆ, ಆ ಬೂಸು ಮತ್ತು ತೇವಾಂಶ ಸೇರಿ ಕೊಬ್ಬನ್ನು ಒಡೆದು ಅದರಲ್ಲಿರುವ ಲಾರಿಕ್ ಆಮ್ಲವೆಂಬ ಕೊಬ್ಬಿನಾಮ್ಲವನ್ನು ಬಿಡಿಸುತ್ತವೆ. ಎಣ್ಣೆಗೆ ಸಾಬೂನಿನ ರುಚಿ ಬರುವುದು ಇದರಿಂದ. ಬೂಸು ತಡೆಯಲು ಕೆಲವರು ಕೊಬ್ಬರಿಗೆ ಗಂಧಕದ ಹೊಗೆ ಹಾಕುವುದೂ ಉಂಟು. ದಕ್ಷಿಣ ಬೆಂಗಳೂರಿನ ಒಂದು ಗಾಣದಿಂದ ತಂದ ಎಣ್ಣೆ ಒಂದು ಸಲ ಅಮೋಘವಾಗಿತ್ತು, ಮರುಸಲ ತಂದದ್ದು ಕೆಲವೇ ವಾರಗಳಲ್ಲಿ ಕಮಟು ಹಿಡಿಯಿತು. ಆದ್ದರಿಂದ ಕೊಳ್ಳುವ ಮೊದಲು ಅಂಗೈಗೆ ಎರಡು ಹನಿ ಹಾಕಿಸಿಕೊಂಡು ಉಜ್ಜಿ ಮೂಸಿ ನೋಡಬೇಕು, ಗಾಣದವರು ಬೇಸರಪಟ್ಟುಕೊಳ್ಳುವುದಿಲ್ಲ. ಅರ್ಧ ಲೀಟರಿಗಿಂತ ಹೆಚ್ಚು ತರಬಾರದು. ತಂದದ್ದನ್ನು ಅಗಲ ಬಾಯಿಯ ಸ್ಟೀಲ್ ಡಬ್ಬಿಗೆ ಸುರಿಯುವುದು ಒಳ್ಳೆಯದು, ಏಕೆಂದರೆ ಕಿರಿದಾದ ಬಾಯಿಯ ಬಾಟಲಿಯಿಂದ ಡಿಸೆಂಬರ್‌ನ ಬೆಳಿಗ್ಗೆ ಎಣ್ಣೆ ತೆಗೆಯಲು ಬಿಸಿನೀರಿನ ಪಾತ್ರೆಯೇ ಬೇಕಾಗುತ್ತದೆ.

ಕರಿಯಲು ರಿಫೈನ್ಡ್ ಎಣ್ಣೆಯೇ ಸರಿ. ವರ್ಜಿನ್ ಎಣ್ಣೆ ಸುಮಾರು 175 ಡಿಗ್ರಿಗೇ ಹೊಗೆಯಾಡತೊಡಗಿದರೆ, ರಿಫೈನ್ಡ್ 200 ದಾಟಿದ ಮೇಲೂ ತಡೆಯುತ್ತದೆ. ದುಬಾರಿ ವರ್ಜಿನ್ ಎಣ್ಣೆಯಲ್ಲಿ ಹಪ್ಪಳ ಕರಿಯುವುದೆಂದರೆ ಹಣವನ್ನೂ ಪರಿಮಳವನ್ನೂ ಒಟ್ಟಿಗೇ ಸುಟ್ಟಂತೆ. ಇನ್ನೊಂದು ವಿಷಯವನ್ನು ಇಲ್ಲಿ ಹೇಳಲೇಬೇಕು. ಉಳಿದ ಕೊಬ್ಬರಿ ಎಣ್ಣೆಗೆ ಸೂರ್ಯಕಾಂತಿ ಅಥವಾ ಕಡಲೆಕಾಯಿ ಎಣ್ಣೆ ಬೆರೆಸಿ ಕರಿಯಲು ಹೋದರೆ ನೊರೆ ಉಕ್ಕುತ್ತದೆ. ಕೊಬ್ಬರಿ ಎಣ್ಣೆಯ ಕೊಬ್ಬಿನಲ್ಲಿ ಅರ್ಧದಷ್ಟು ಲಾರಿಕ್ ಆಮ್ಲವೇ ಇದ್ದು, ಅದಕ್ಕಿಂತ ಉದ್ದವಾದ ಅಣುಗಳ ಕೊಬ್ಬಿನಾಮ್ಲಗಳಿರುವ ಎಣ್ಣೆಯೊಡನೆ ಅದು ಕಾದಾಗ, ಅದರಲ್ಲೂ ತೇವವಿರುವ ಪದಾರ್ಥ ಬಿದ್ದಾಗ, ಬಾಣಲೆಯ ಅಂಚಿನವರೆಗೂ ನೊರೆ ಏರಬಹುದು. ಇದು ಅಪಾಯಕಾರಿ. ಕರಿಯುವುದಾದರೆ ಒಂದೇ ಎಣ್ಣೆ, ಬೆರಕೆ ಬೇಡ.

ಬೇಕಿಂಗ್‌ಗೆ ಬಂದರೆ ವಿಷಯ ಸೂಕ್ಷ್ಮವಾಗುತ್ತದೆ. ಬೆಣ್ಣೆಯ ಬದಲಿಗೆ ಅಷ್ಟೇ ತೂಕದ ಕೊಬ್ಬರಿ ಎಣ್ಣೆ ಹಾಕಿ ಎಂಬ ಸಲಹೆ ಎಲ್ಲೆಡೆ ಕಾಣಿಸುತ್ತದೆ, ಅದನ್ನು ನಂಬಬಾರದು. ಬೆಣ್ಣೆಯಲ್ಲಿ ಕೊಬ್ಬು ಶೇ 80ರಷ್ಟು, ಉಳಿದದ್ದರಲ್ಲಿ ಬಹುಪಾಲು ನೀರು. ಕೊಬ್ಬರಿ ಎಣ್ಣೆಯಾದರೋ ಪೂರ್ತಿ ಕೊಬ್ಬು. ಹಾಗಾಗಿ 100 ಗ್ರಾಂ ಬೆಣ್ಣೆಯ ಜಾಗಕ್ಕೆ 80 ಗ್ರಾಂ ಎಣ್ಣೆ ಮತ್ತು ಒಂದು ಟೇಬಲ್ ಚಮಚದಷ್ಟು ಹಾಲು ಎಂಬ ಲೆಕ್ಕ ಹಿಡಿದರೆ ಬಿಸ್ಕತ್ತು ಜಿಡ್ಡಾಗುವುದಿಲ್ಲ. ಸಕ್ಕರೆಯೊಂದಿಗೆ ನೊರೆಯಾಗುವಂತೆ ಕಡೆಯುವ ಹಂತದಲ್ಲಿ ಇನ್ನೊಂದು ತೊಡಕು. ಬೆಣ್ಣೆ ಹಲವು ಡಿಗ್ರಿಗಳ ಅಂತರದಲ್ಲಿ ಮೆದುವಾಗಿಯೇ ಉಳಿಯುತ್ತದೆ. ಕೊಬ್ಬರಿ ಎಣ್ಣೆಗೆ ಆ ಉದಾರತೆ ಇಲ್ಲ. 18 ಡಿಗ್ರಿಯಲ್ಲಿ ಚಾಕುವಿಗೂ ಜಗ್ಗದ ಗಟ್ಟಿ, 25ರಲ್ಲಿ ನೀರು, ನಡುವಿನ 21, 22ರ ಸುತ್ತ ಮಾತ್ರ ಗಾಳಿಯನ್ನು ಹಿಡಿದಿಡುವ ಹದ. ಆಗಸ್ಟ್ ತಿಂಗಳ ಮೋಡ ಕವಿದ ಮುಂಜಾನೆ ಬೆಂಗಳೂರಿನಲ್ಲಿ ಈ ಹದ ತಾನಾಗಿಯೇ ಸಿಗುತ್ತದೆ. ಬೇಸಿಗೆಯಲ್ಲಿ ಪಾತ್ರೆಯನ್ನು ತಣ್ಣೀರಿನ ಮೇಲಿಟ್ಟು ಕಡೆಯಬೇಕು, ಕಲಸಿದ ಹಿಟ್ಟನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ತಟ್ಟಬೇಕು.

ಮೊಟ್ಟೆಯಿಲ್ಲದ, ಮೊಸರು ಮತ್ತು ಅಡುಗೆ ಸೋಡ ಹಾಕುವ ಕೇಕು ನಮ್ಮ ಊರಿನ ಮನೆಗಳಲ್ಲಿ ಸಾಮಾನ್ಯ. ಕರಗಿಸಿದ ಕೊಬ್ಬರಿ ಎಣ್ಣೆಗೆ ಫ್ರಿಜ್‌ನಿಂದ ಆಗಷ್ಟೇ ತೆಗೆದ ಮೊಸರನ್ನು ಸೇರಿಸಿದರೆ ಎಣ್ಣೆ ತಟ್ಟನೆ ಬಿಳಿಯ ಹರಳುಗಳಾಗಿ ಹೆಪ್ಪುಗಟ್ಟಿ ಹಿಟ್ಟಿನಲ್ಲಿ ಚದುರುತ್ತದೆ, ಬೆಂದ ಮೇಲೆ ಆ ಜಾಗಗಳಲ್ಲಿ ತೂತು ಉಳಿಯುತ್ತದೆ. ಮೊಸರು, ಹಾಲು ಎಲ್ಲವೂ ಕೋಣೆಯ ಉಷ್ಣಾಂಶಕ್ಕೆ ಬಂದಿರಬೇಕು. ಚಳಿಗಾಲದಲ್ಲಾದರೆ ಅಷ್ಟೂ ಸಾಲದು, ಉಗುರುಬೆಚ್ಚಗೆ ಮಾಡಿಕೊಳ್ಳಬೇಕು. ಓವನ್ 180 ಡಿಗ್ರಿಯಲ್ಲಿದ್ದರೆ ಎಣ್ಣೆ ಹೊಗೆಯಾಡದೇ ಎಂಬ ಅನುಮಾನ ಬೇಡ. ಕೇಕಿನೊಳಗೆ ನೀರಿನಂಶವಿರುವ ತನಕ ಅಲ್ಲಿನ ಬಿಸಿ ನೂರು ಡಿಗ್ರಿಯನ್ನು ಮೀರುವುದಿಲ್ಲ. ಒಂದು ಕೊರತೆ ಮಾತ್ರ ನಿಜ: ಈ ಕೇಕನ್ನು ಫ್ರಿಜ್‌ನಲ್ಲಿಟ್ಟರೆ ಗಡುಸಾಗುತ್ತದೆ. ಸೂರ್ಯಕಾಂತಿ ಎಣ್ಣೆಯ ಕೇಕು ಮರುದಿನವೂ ಮೆತ್ತಗಿರುತ್ತದೆ, ಇದನ್ನು ಹೊರಗಿಟ್ಟು ಬೇಗ ತಿಂದು ಮುಗಿಸಬೇಕು.

ಕೊಬ್ಬರಿ ಎಣ್ಣೆ ನಿಜಕ್ಕೂ ಮೆರೆಯುವುದು ಬಿಸ್ಕತ್ತಿನಲ್ಲಿ. ಹುರಿದ ರಾಗಿಹಿಟ್ಟು, ಪುಡಿಬೆಲ್ಲ, ಏಲಕ್ಕಿ, ಚಿಟಿಕೆ ಉಪ್ಪು, ಗಾಣದ ಎಣ್ಣೆ, ಇಷ್ಟರಿಂದ ಮಾಡಿದ ಬಿಸ್ಕತ್ತು ಬಾಯಿಗಿಟ್ಟೊಡನೆ ಕರಗುತ್ತದೆ, ಏಕೆಂದರೆ ದೇಹದ ಬಿಸಿಗೆ ಈ ಕೊಬ್ಬು ಪೂರ್ತಿ ದ್ರವವಾಗುತ್ತದೆ. ನಾನ್‌ಖಟಾಯಿಗೂ ಇದೇ ಗುಣ ಒದಗುತ್ತದೆ. ಬಾಳೆಹಣ್ಣಿನ ಕೇಕಿಗೆ ವರ್ಜಿನ್ ಎಣ್ಣೆ ಚೆನ್ನಾಗಿ ಒಗ್ಗುತ್ತದೆ, ಚಾಕಲೇಟ್ ಕೇಕಿಗೆ ರಿಫೈನ್ಡ್ ಲೇಸು. ಪಫ್‌ನಂತಹ ಪದರದ ತಿನಿಸಿಗೆ ಮಾತ್ರ ಇದು ಖಂಡಿತ ಬೇಡ. ತಣ್ಣಗಿದ್ದರೆ ಲಟ್ಟಿಸುವಾಗ ಪುಡಿಯಾಗುತ್ತದೆ, ಬೆಚ್ಚಗಿದ್ದರೆ ಪದರದಿಂದ ಸೋರಿಹೋಗುತ್ತದೆ.

ಡೆಸಿಕೇಟೆಡ್ ಕೋಕನಟ್ ಎಂದು ಮಾರುವ ಒಣ ತುರಿಯ ಬಗ್ಗೆ ದೂರಿಲ್ಲ. ಅಯ್ಯಂಗಾರ್ ಬೇಕರಿಗಳ ಹನಿ ಕೇಕಿನ ಜಾಮ್ ಮೇಲೆ ಉದುರಿಸಿರುವುದು ಇದೇ. ಮನೆಯಲ್ಲಿ ದಿಲ್‌ಪಸಂದ್ ಮಾಡುವವರು ಹೂರಣಕ್ಕೆ ಹಸಿ ತುರಿ ಹಾಕಿದರೆ ತಳದ ಪದರ ನೆನೆದು ಬೇಯುವುದಿಲ್ಲ. ನೀರಿನಂಶ ಶೇ 3ರಷ್ಟಿರುವ ಒಣ ತುರಿ ಅಲ್ಲಿ ಸರಿಹೋಗುತ್ತದೆ. ಕೊಬ್ಬಿನಂಶ ಶೇ 60ಕ್ಕೂ ಹೆಚ್ಚಿರುವುದರಿಂದ ತೆರೆದ ಪೊಟ್ಟಣವನ್ನು ಫ್ರಿಜ್‌ನಲ್ಲಿಡಬೇಕು. ಉಂಡೆ ಕೊಬ್ಬರಿಯನ್ನು ಮನೆಯಲ್ಲೇ ತುರಿದು ಬಿಸ್ಕತ್ತಿಗೆ ಹಾಕಿದರೆ ಸುವಾಸನೆ ಹೆಚ್ಚು, ಆದರೆ ಬೇಗ ಕೆಂಪಾಗುತ್ತದೆ, ಓವನ್ನಿನ ಮುಂದೆಯೇ ನಿಂತಿರಬೇಕು.

ಪೊಟ್ಟಣದ ಕಾಯಿಹಾಲು ಅವಸರಕ್ಕೆ ಒದಗುತ್ತದೆ. ಶಾವಿಗೆಗೆ, ಹೋಳಿಗೆಗೆ ಹಿಂಡಿದ ಹಾಲಿನ ಸಿಹಿ ಅದರಲ್ಲಿ ಇಲ್ಲವಾದರೂ, ಗೋರಿಕಾಯಿ ಅಂಟು ಮೊದಲಾದವು ಸೇರಿರುವುದರಿಂದ ಕುದಿಯುವಾಗ ಸುಲಭವಾಗಿ ಒಡೆಯುವುದಿಲ್ಲ. ಕಾಯಿಹಾಲಿನ ಪುಡಿ ಕೊಳ್ಳುವ ಹಾಲು ಮೊಸರನ್ನೂ ಬಿಟ್ಟ ವೀಗನ್ನರು ಲೇಬಲ್ ಓದಬೇಕು: ಹಲವು ಪುಡಿಗಳಲ್ಲಿ ಹಸುವಿನ ಹಾಲಿನಿಂದ ಬರುವ ಸೋಡಿಯಂ ಕೇಸಿನೇಟ್ ಇರುತ್ತದೆ. ತೆಂಗಿನ ಹಿಟ್ಟು ಹಾಕಿದ ದ್ರವವನ್ನೆಲ್ಲ ಹೀರಿ ಮತ್ತೂ ಬೇಡುತ್ತದೆ. ಮೈದಾದ ಕಾಲು ಭಾಗಕ್ಕಿಂತ ಹೆಚ್ಚು ಬಳಸಿದರೆ ಕೇಕು ಗಂಟಲಲ್ಲಿ ಸಿಕ್ಕುತ್ತದೆ. ತೆಂಗಿನ ಸಕ್ಕರೆಗೆ ಕೊಡುವ ಬೆಲೆಯಲ್ಲಿ ಒಳ್ಳೆಯ ಜೋನಿಬೆಲ್ಲ ಎಷ್ಟೋ ಬರುತ್ತದೆ.

ಆರೋಗ್ಯದ ಹೆಸರಿನಲ್ಲಿ ಈ ಎಣ್ಣೆಗೆ ನಡೆಯುವ ಪ್ರಚಾರವನ್ನು ನಾನು ಒಪ್ಪುವುದಿಲ್ಲ. ಇದರ ಕೊಬ್ಬಿನಲ್ಲಿ ಶೇ 90ರ ಸಮೀಪ ಸ್ಯಾಚುರೇಟೆಡ್, ಅಂದರೆ ರಕ್ತದ ಕೊಲೆಸ್ಟರಾಲ್ ಏರಿಸುವ ಬಗೆಯದು, ಬೆಣ್ಣೆಗಿಂತಲೂ ಹೆಚ್ಚು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲಿ ಇದರ ಬಳಕೆ ಬೇಡವೆಂದೇ ಸಲಹೆ ನೀಡಿತು. ದಿನದ ಶಕ್ತಿಯಲ್ಲಿ ಸ್ಯಾಚುರೇಟೆಡ್ ಕೊಬ್ಬಿನ ಪಾಲು ಶೇ 10ನ್ನು ಮೀರಬಾರದೆಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತನ್ನು ಹಿಡಿದರೆ, 2,000 ಕ್ಯಾಲರಿ ತಿನ್ನುವವರಿಗೆ ಎರಡು ಟೇಬಲ್ ಚಮಚದಲ್ಲೇ ಆ ಮಿತಿ ಮುಗಿಯುತ್ತದೆ. ರುಚಿಗಾಗಿ ಬಳಸುವುದು ಬೇರೆ, ಔಷಧಿಯೆಂದು ಬೆಳಿಗ್ಗೆ ಚಮಚದಲ್ಲಿ ಕುಡಿಯುವುದು ಬೇರೆ.

ಬೆಲೆಯೂ ಮಿತಿಯನ್ನು ಕಲಿಸಿತು. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,100 ರೂಪಾಯಿ, ಎಣ್ಣೆ ಕೊಬ್ಬರಿಗೆ 11,582 ರೂಪಾಯಿ ಬೆಂಬಲ ಬೆಲೆ ನಿಗದಿ ಮಾಡಿತ್ತು; ಆ ವರ್ಷ ಮಾರುಕಟ್ಟೆ ದರ ಅದನ್ನು ಬಹಳ ಹಿಂದೆ ಹಾಕಿ, ಎಣ್ಣೆ ಲೀಟರಿಗೆ 400 ರೂಪಾಯಿ ದಾಟಿತು. ಬೆಳೆಗಾರರಿಗೆ ಒಳ್ಳೆಯದಾಯಿತೆಂಬ ಸಂತೋಷ ನಮ್ಮ ಊರಿನ ಕಡೆಯವರಿಗೆ ಇದ್ದೇ ಇದೆ, ಬಾಣಲೆ ಮಾತ್ರ ಚಿಕ್ಕದಾಯಿತು. ಒಗ್ಗರಣೆಗೂ ರಾಗಿ ಬಿಸ್ಕತ್ತಿಗೂ ಗಾಣದ ಎಣ್ಣೆ ತರುವುದನ್ನು ನಿಲ್ಲಿಸಿಲ್ಲ. ವರ್ಜಿನ್ ಎಣ್ಣೆಯ ಚಿಕ್ಕ ಬಾಟಲಿ ಬಾಳೆಹಣ್ಣಿನ ಕೇಕಿಗೆಂದು ಆಗಾಗ ಬರುತ್ತದೆ. ಹಪ್ಪಳ ಸಂಡಿಗೆ ಮತ್ತೆ ಕಡಲೆಕಾಯಿ ಎಣ್ಣೆಗೆ ಮರಳಿವೆ, ನೇಂದ್ರ ಬಾಳೆಕಾಯಿಯ ಚಿಪ್ಸ್ ಮಾಡುವಾಗ ಮಾತ್ರ ರಿಫೈನ್ಡ್ ಕೊಬ್ಬರಿ ಎಣ್ಣೆಯ ಪೊಟ್ಟಣವೊಂದನ್ನು ಬೇರೆಯಾಗಿ ತರುತ್ತೇವೆ.