ಗ್ಯಾಪ್ ದಾರಿಯೋ, ಸಿ ಆ್ಯಂಡ್ ಓ ಕಾಲುವೆ ದಂಡೆಯೋ?

ಅಮೆರಿಕದ ಈ ಎರಡೂ ಸೈಕಲ್ ದಾರಿಗಳಲ್ಲಿ ಕಾಡು, ಹೊಳೆ ಎರಡೂ ಸಿಗುತ್ತವೆ, ವಾಹನಗಳ ಕಾಟವಿಲ್ಲ. ಎರಡೂ ಕೂಡುವುದು ಮೇರಿಲ್ಯಾಂಡ್ ರಾಜ್ಯದ ಕಂಬರ್‌ಲ್ಯಾಂಡ್‌ನಲ್ಲಿ.

ಪಿಟ್ಸ್‌ಬರ್ಗ್‌ನಿಂದ ಬರುವ 240 ಕಿ.ಮೀ. ಗ್ಯಾಪ್ (ಗ್ರೇಟ್ ಅಲೆಘೆನಿ ಪ್ಯಾಸೇಜ್) ಹಳೆಯ ರೈಲುಹಾದಿ. ಸುಣ್ಣಕಲ್ಲಿನ ಪುಡಿ ಹಾಸಿರುವುದರಿಂದ ಮಳೆನೀರು ಬೇಗ ಬಸಿಯುತ್ತದೆ, 35 ಮಿ.ಮೀ. ಅಗಲದ ಟೈರ್ ಸಾಕು.

ವಾಷಿಂಗ್ಟನ್‌ಗೆ ಹೋಗುವ 297 ಕಿ.ಮೀ. ಸಿ ಆ್ಯಂಡ್ ಓ (ಚೆಸಪೀಕ್ ಆ್ಯಂಡ್ ಒಹಾಯೊ ಕಾಲುವೆ), ಹಿಂದೆ ಹೇಸರಗತ್ತೆಗಳು ದೋಣಿ ಎಳೆದ ಮಣ್ಣಿನ ದಂಡೆ. ಪೊಟೊಮ್ಯಾಕ್ ನದಿ ಪಕ್ಕದಲ್ಲೇ ಹರಿಯುವ ಚೆಂದ ಇದಕ್ಕೇ ಸೇರಿದ್ದು. ಆದರೆ ಮಳೆ ಬಿದ್ದರೆ ಕೆಲವೆಡೆ ಜೇಡಿಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಚಕ್ರವೇ ತಿರುಗದು. ಕಡ್ಡಿಯಿಂದ ಕೆರೆದು ತೆಗೆಯಬೇಕು. 45 ಮಿ.ಮೀ. ಟೈರ್, ಅದರ ಮೇಲೆ ಬೆರಳಗಲ ಸಂದು ಬೇಕೇ ಬೇಕು. ಈ ದಾರಿಯ ಪಾ ಪಾ ಸುರಂಗಕ್ಕೆ ಟಾರ್ಚ್ ಇರಲಿ, ಒಳಗೆ ಸೈಕಲ್ ತಳ್ಳಿಕೊಂಡೇ ನಡೆಯಬೇಕು.

ಮೊದಲ ಸಲದವರಿಗೆ ಗ್ಯಾಪ್ ಒಳ್ಳೆಯದು, ಅದೂ ಪಿಟ್ಸ್‌ಬರ್ಗ್ ಕಡೆಯಿಂದ: ಕಂಬರ್‌ಲ್ಯಾಂಡ್‌ನಿಂದ ಹೊರಟರೆ ಸುಮಾರು 38 ಕಿ.ಮೀ. ಬಿಡದೆ ಏರು. ಚಳಿಗಾಲದಲ್ಲಿ ಗ್ಯಾಪ್ ದಾರಿಯ ಬಿಗ್ ಸ್ಯಾವೇಜ್ ಸುರಂಗ ಮುಚ್ಚಿರುತ್ತದೆ.